ಹಗುರು ಕಾರಿನ ವಿದ್ಯೆ: ಬೆಂಗಳೂರಿನ ‘ಡಾಲ್ಫಿನ್’ ಮತ್ತು ಎರಡು ಬಾಗಿಲುಗಳ ಪ್ರಶ್ನೆ

‘ಕೂಪೆ’ ಎಂಬುದು ಫ್ರೆಂಚ್ ಭಾಷೆಯ ಶಬ್ದ. ‘ಕತ್ತರಿಸಿದ್ದು’ ಎಂದು ಅದರ ಅರ್ಥ. ಮೋಟಾರು ವಾಹನ ಇನ್ನೂ ಹುಟ್ಟದ ಕಾಲದಲ್ಲಿ, ಎದುರುಬದುರಾಗಿ ಎರಡು ಆಸನಗಳಿದ್ದ ದೊಡ್ಡ ಕುದುರೆಗಾಡಿಯ ಮುಂದಿನ ಭಾಗವನ್ನು ಕತ್ತರಿಸಿ, ಒಂದೇ ಆಸನವನ್ನು ಉಳಿಸಿಕೊಂಡ ಚಿಕ್ಕ ಗಾಡಿಗೆ ಆ ಹೆಸರು ಬಂದಿತು. ಮುಂದೆ ಮೋಟಾರು ಕಾರುಗಳು ಬಂದಾಗ ಎರಡೇ ಬಾಗಿಲುಗಳುಳ್ಳ, ಮೈಗಿಡ್ಡಾದ, ಚುರುಕು ನಡೆಯ ಕಾರುಗಳಿಗೆ ಅದೇ ಹೆಸರು ಅಂಟಿಕೊಂಡಿತು. ಗಾಡಿ ಚಿಕ್ಕದಾದರೆ ಭಾರ ಇಳಿಯುತ್ತದೆ. ಭಾರ ಇಳಿದರೆ ಕಡಿಮೆ ಬಲದಿಂದ ಹೆಚ್ಚು ಓಟ ಸಿಗುತ್ತದೆ. ಬಲ ಕಡಿಮೆ ಸಾಕಾದರೆ ಬೆಲೆಯೂ ಇಳಿಯುತ್ತದೆ. ಅಗ್ಗದ ಚಿಕ್ಕ ಕೂಪೆಯ ತಂತ್ರವೆಲ್ಲ ಈ ಮೂರು ಮಾತುಗಳಲ್ಲಿ ಅಡಗಿದೆ ಎಂದು ತೋರುತ್ತದೆ. ಆದರೆ ಈ ಮೂರೂ ಮಾತುಗಳು ಎಷ್ಟರಮಟ್ಟಿಗೆ ನಿಜ, ಎಲ್ಲಿ ನಿಂತುಹೋಗುತ್ತವೆ ಎಂಬುದನ್ನು ನೋಡಬೇಕಾದರೆ ಒಂದು ನಿಜವಾದ ಕಾರನ್ನೇ ಎದುರಿಗಿಟ್ಟುಕೊಳ್ಳುವುದು ಲೇಸು. ಅಂಥದೊಂದು ಕಾರು ಕರ್ನಾಟಕದಲ್ಲಿಯೇ ಹುಟ್ಟಿ ಬೆಳೆದು ಮರೆಯಾಗಿದೆ. ಅದು ಬೆಂಗಳೂರಿನ ಸಿಪಾನಿ ಸಂಸ್ಥೆಯವರು 1982ರಲ್ಲಿ ಹೊರತಂದ ‘ಡಾಲ್ಫಿನ್’.

ಕಟ್ಟುನಿಟ್ಟಾಗಿ ಹೇಳುವುದಾದರೆ ಡಾಲ್ಫಿನ್ ಕೂಪೆಯಲ್ಲ. ಎರಡು ಬಾಗಿಲುಗಳ, ನಾಲ್ವರು ಕೂಡ್ರಬಹುದಾದ ಪುಟ್ಟ ಕಾರು. ಆದರೂ ಕೂಪೆಯ ಲಕ್ಷಣಗಳೆನಿಸಿದ ಹಗುರಾದ ಮೈ, ಗಿಡ್ಡ ಗಾಲಿಯಂತರ, ಹಿಂದಿನ ಗಾಲಿಗಳಿಗೆ ಬಲ, ಚಾಲಕನ ಕೈಗೆ ತಕ್ಷಣ ಮಣಿಯುವ ಗುಣ ಇವೆಲ್ಲ ಅದರಲ್ಲಿದ್ದವು. ಆ ಕಾಲದ ಭಾರತದಲ್ಲಿ ಮಧ್ಯಮ ವರ್ಗದವರ ಎಟುಕಿಗೆ ಬರಬಹುದಾಗಿದ್ದ ಕಾರುಗಳಲ್ಲಿ ಈ ಬಗೆಯದು ಇದೊಂದೇ ಎನ್ನಬಹುದು.

ಡಾಲ್ಫಿನ್ನಿಗಿಂತ ಮುಂಚೆ, 1970ರ ದಶಕದಲ್ಲಿ, ಇದೇ ಉದ್ಯಮದವರು ‘ಬಾದಲ್’ ಎಂಬ ಮೂರು ಗಾಲಿಯ ಕಾರನ್ನು ತಯಾರಿಸಿದ್ದರು. ಮುಂದೊಂದು, ಹಿಂದೆರಡು ಗಾಲಿ. ಫೈಬರ್ ಗಾಜಿನ ಮೈ. ಹಿಂಭಾಗದಲ್ಲಿ 198 ಘನ ಸೆಂಟಿಮೀಟರಿನ ಪುಟ್ಟ ಇಂಜಿನು. ಅದು ಜನರ ಮನಸ್ಸನ್ನು ಗೆಲ್ಲಲಿಲ್ಲ. ಅನಂತರ ಸಂಸ್ಥೆಯ ಕಣ್ಣು ಇಂಗ್ಲೆಂಡಿನ ಟ್ಯಾಮ್‌ವರ್ಥ್ ಊರಿನ ರಿಲಯಂಟ್ ಕಂಪನಿಯ ಕಡೆಗೆ ಹೊರಳಿತು. ಆ ಕಂಪನಿಯೂ ಮೂರು ಗಾಲಿಯ ಕಾರುಗಳಿಗೇ ಹೆಸರಾದದ್ದು. ಬ್ರಿಟನ್ನಿನಲ್ಲಿ ಮೂರು ಗಾಲಿಯ ವಾಹನಗಳಿಗೆ ತೆರಿಗೆಯ ರಿಯಾಯಿತಿ ಇತ್ತು, ಮೋಟಾರ್ ಸೈಕಲ್ಲಿನ ಪರವಾನಗಿಯಿಂದಲೇ ಅವುಗಳನ್ನು ನಡೆಸಬಹುದಾಗಿತ್ತು. ತನ್ನ ‘ರಾಬಿನ್’ ಎಂಬ ಮೂರು ಗಾಲಿಯ ಕಾರಿಗೆ ನಾಲ್ಕನೆಯ ಗಾಲಿಯನ್ನು ಕೂಡಿಸಿದಂತೆ 1975ರಲ್ಲಿ ರಿಲಯಂಟ್ ‘ಕಿಟನ್’ ಎಂಬ ಕಾರನ್ನು ಹೊರತಂದಿತು. ಅದರ ತಯಾರಿಕೆ ಅಲ್ಲಿ 1982ರಲ್ಲಿ ನಿಂತಿತು. ಅದೇ ವರ್ಷ ಅದರ ಭಾರತೀಯ ರೂಪ ಡಾಲ್ಫಿನ್ ಎಂಬ ಹೆಸರಿನಿಂದ ಬೆಂಗಳೂರಿನಲ್ಲಿ ಆರಂಭವಾಯಿತು.

ಇನ್ನು ಅದರ ರಚನೆ. ಕಿಟನ್ನಿನ ಅಡಿಗೆ ಉಕ್ಕಿನ ಚೌಕಟ್ಟು, ಅಂದರೆ ಚಾಸಿ. ಅದರ ಮೇಲೆ ಫೈಬರ್ ಗಾಜಿನ ಮೈ. 848 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ, ಪೂರ್ತಿ ಅಲ್ಯೂಮಿನಿಯಂ ಮಿಶ್ರಲೋಹದ ಇಂಜಿನನ್ನು ಮುಂಭಾಗದಲ್ಲಿ, ಆದಷ್ಟು ಹಿಂದಕ್ಕೆ ಸರಿಸಿ ಕೂರಿಸಲಾಗಿತ್ತು. ನಾಲ್ಕು ಗೇರುಗಳ ಪೆಟ್ಟಿಗೆ. ಅಲ್ಲಿಂದ ಉದ್ದನೆಯ ದಂಡದ ಮೂಲಕ ಹಿಂದಿನ ಅಚ್ಚಿಗೆ ಬಲ. ಮುಂದಿನ ಗಾಲಿಗಳು ಸುರುಳಿ ಸ್ಪ್ರಿಂಗಿನ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತಿದ್ದವು. ಹಿಂದೆ ಮಾತ್ರ ಇಡಿಯಾದ ಒಂದೇ ಅಚ್ಚು, ಅದರ ಕೆಳಗೆ ಕಮಾನುಪಟ್ಟಿಗಳು. ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕು. ಗಾಲಿಗಳ ವ್ಯಾಸ 10 ಅಂಗುಲ. ಒಟ್ಟು ಉದ್ದ ಮೂರೂಕಾಲು ಮೀಟರಿಗೆ ಸ್ವಲ್ಪ ಹೆಚ್ಚು. ಇಷ್ಟೆಲ್ಲ ಸೇರಿ ಖಾಲಿ ಕಾರಿನ ಭಾರ ಸುಮಾರು 525 ಕಿಲೋಗ್ರಾಂ. ಇಂಗ್ಲೆಂಡಿನಲ್ಲಿ ಅದರ ಇಂಜಿನು ಕೊಡುತ್ತಿದ್ದ ಬಲ 40 ಅಶ್ವಶಕ್ತಿ.

ಈ ಅಂಕಿಗಳು ತಾವಾಗಿ ಏನನ್ನೂ ಹೇಳುವುದಿಲ್ಲ, ಹೋಲಿಸಿದಾಗ ಮಾತಾಡುತ್ತವೆ. ಅಂದಿನ ಅಂಬಾಸಡರ್ ಕಾರಿನ 1489 ಘನ ಸೆಂಟಿಮೀಟರಿನ ಇಂಜಿನಿನ ಬಲ ಸುಮಾರು 50 ಅಶ್ವಶಕ್ತಿ, ಭಾರ 1100 ಕಿಲೋಗ್ರಾಮಿಗೂ ಮೇಲು. ಬಲವನ್ನು ಭಾರದಿಂದ ಭಾಗಿಸಿದರೆ ಅಂಬಾಸಡರಿಗೆ ಒಂದು ಟನ್ನಿಗೆ ಸುಮಾರು 45 ಅಶ್ವಶಕ್ತಿ ಬರುತ್ತದೆ, ಕಿಟನ್ನಿಗೆ 76. ವೇಗವಾಗಿ ಓಡುವುದಕ್ಕೂ ಏರುವುದಕ್ಕೂ ಬೇಕಾದದ್ದು ಒಟ್ಟು ಬಲವಲ್ಲ, ಪ್ರತಿಯೊಂದು ಮಣ ಭಾರದ ಪಾಲಿಗೆ ಬರುವ ಬಲ. ಇದು ಮುಧೋಳದ ಸೀಮೆಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆಯೂ ಮೂಡಿದ ಮುಧೋಳ ನಾಯಿಯನ್ನು ನೋಡಿದವರಿಗೆ, ಮೊಲವನ್ನು ಬೆನ್ನಟ್ಟುವ ಪ್ರಾಣಿಗೆ ಪ್ರಕೃತಿಯು ಮಾಂಸವನ್ನು ಎಷ್ಟು ಜಿಪುಣತನದಿಂದ ಕೊಟ್ಟಿದೆ ಎಂಬುದು ಗೊತ್ತು. ಆಳವಾದ ಎದೆ, ಸಣ್ಣ ನಡು, ಉದ್ದನೆಯ ಕಾಲು. ಉಸಿರಿಗೆ ಮತ್ತು ಓಟಕ್ಕೆ ಬೇಕಾದದ್ದನ್ನು ಬಿಟ್ಟು ಬೇರೆ ಹೊರೆಯಿಲ್ಲ.

ಆದರೆ ಹಗುರುತನಕ್ಕೆ ಒಂದು ಸುಂಕವಿದೆ. ನಾಲ್ಕು ಜನ ಮತ್ತು ಅವರ ಗಂಟುಗದಡಿ ಸೇರಿ 250 ಕಿಲೋಗ್ರಾಂ ಎಂದು ಹಿಡಿಯೋಣ. ಅಂಬಾಸಡರಿಗೆ ಇದು ತನ್ನ ಭಾರದ ಸುಮಾರು ನಾಲ್ಕನೆಯ ಒಂದು ಪಾಲಿಗಿಂತಲೂ ಕಡಿಮೆ. ಪುಟ್ಟ ಕಾರಿಗೆ ಹೆಚ್ಚುಕಡಿಮೆ ಅರ್ಧ. ಆದ್ದರಿಂದ ಜನ ತುಂಬಿದ ಮೇಲೆ ಕಿಟನ್ನಿನ ಬಲದ ಪ್ರಮಾಣ ಟನ್ನಿಗೆ 76ರಿಂದ 52ಕ್ಕೆ ಇಳಿಯುತ್ತದೆ, ಅಂದರೆ ಮೂರರಲ್ಲಿ ಒಂದು ಪಾಲು ಕರಗಿಹೋಗುತ್ತದೆ. ಅಂಬಾಸಡರಿನದು 45ರಿಂದ 37ಕ್ಕೆ. ಐದರಲ್ಲಿ ಒಂದು ಪಾಲೂ ಕರಗುವುದಿಲ್ಲ. ತುಂಬಿದ ಪುಟ್ಟ ಕಾರು ಆಗಲೂ ದೊಡ್ಡದಕ್ಕಿಂತ ಚುರುಕಾಗಿಯೇ ಇದೆ, ನಿಜ. ಆದರೆ ಚಾಲಕನ ಅನುಭವಕ್ಕೆ ಬರುವುದು ಬೇರೆ. ಒಬ್ಬನೇ ಕುಳಿತು ನಡೆಸಿದ ಕಾರು, ಬಂಧುಗಳನ್ನು ಕೂರಿಸಿಕೊಂಡು ಜಾತ್ರೆಗೆ ಹೊರಟಾಗ ಬೇರೊಂದು ಕಾರೇ ಆಗಿಬಿಡುತ್ತದೆ. ಬ್ರೇಕಿಗೆ ಮೊದಲಿನಂತೆ ನಿಲ್ಲುವುದಿಲ್ಲ, ಏರಿಗೆ ಮೊದಲಿನಂತೆ ಹತ್ತುವುದಿಲ್ಲ, ಎದುರಿನ ವಾಹನ ಬರುವುದರೊಳಗೆ ಮುಂದಿನದನ್ನು ದಾಟಿಬಿಡಬಹುದೆಂಬ ನಿನ್ನೆಯ ಅಂದಾಜು ಇಂದು ಸುಳ್ಳಾಗುತ್ತದೆ. ಹಗುರು ಕಾರನ್ನು ನಡೆಸುವವನು ಹೊರೆಯನ್ನು ನೋಡಿ ತನ್ನ ಅಂದಾಜನ್ನು ಪ್ರತಿಸಲ ಹೊಸದಾಗಿ ಕಟ್ಟಿಕೊಳ್ಳಬೇಕು.

ಇದೇ ಕಾರಣದಿಂದ ಸ್ಪ್ರಿಂಗುಗಳ ತೊಡಕೂ ಹುಟ್ಟುತ್ತದೆ. ತುಂಬಿದಾಗ ತಳ ತಾಗದಂತೆ ಬಿಗಿಯಾದ ಕಮಾನುಪಟ್ಟಿಯನ್ನು ಹಾಕಿದರೆ ಖಾಲಿಯಿದ್ದಾಗ ಕಾರು ಕುಪ್ಪಳಿಸುತ್ತದೆ. ಖಾಲಿಯಿದ್ದಾಗ ಮೆತ್ತಗಿರಲೆಂದು ಸಡಿಲಾಗಿ ಕಟ್ಟಿದರೆ ತುಂಬಿದಾಗ ನೆಲಕ್ಕೆ ಕೂಡುತ್ತದೆ. ಇಡೀ ಅಚ್ಚಿನ ಭಾರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸ್ಪ್ರಿಂಗಿನ ಮೇಲೆ ಕುಳಿತ ಭಾರ ಒಂದು, ಸ್ಪ್ರಿಂಗಿನ ಕೆಳಗೆ ಗಾಲಿಯೊಡನೆ ಏರಿಳಿಯುವ ಭಾರ ಇನ್ನೊಂದು. ಎರಡನೆಯದು ಮೊದಲಿನದಕ್ಕಿಂತ ಬಹಳ ಕಡಿಮೆಯಿದ್ದರೆ, ಗಾಲಿ ಕುಣಿದರೂ ಮೈ ನೆಮ್ಮದಿಯಿಂದ ಸಾಗುತ್ತದೆ. ಮೈಯನ್ನು ಫೈಬರಿನಿಂದ ಮಾಡಿ ಹಗುರಗೊಳಿಸಿದವರಿಗೆ ಉಕ್ಕಿನ ಅಚ್ಚನ್ನು ಅದೇ ಪ್ರಮಾಣದಲ್ಲಿ ಹಗುರಗೊಳಿಸಲು ಬರಲಿಲ್ಲ. ಹೀಗಾಗಿ ಕೆಟ್ಟ ರಸ್ತೆಯಲ್ಲಿ ಹಿಂದಿನ ಅಚ್ಚು ಎಗರಿದಾಗ ಹಗುರಾದ ಮೈ ಅದನ್ನು ಅದುಮಿ ಹಿಡಿಯಲಾರದೆ ತಾನೂ ಅದರೊಡನೆ ಎಗರುತ್ತದೆ.

ಕೆಟ್ಟ ರಸ್ತೆ ಎಂದಾಗ ಜಮಖಂಡಿ, ಬೀಳಗಿ, ಮುಧೋಳದ ಕಡೆಯವರು ವಿವರಣೆಯನ್ನು ಕೇಳಲಿಕ್ಕಿಲ್ಲ. ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅದರೊಡನೆ ಏರಿಳಿದು ಸೀಳುತ್ತದೆ. ಸೀಳಿನಲ್ಲಿ ನೀರು ಇಳಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಕಾರಖಾನೆಗೆ ಹೊರಟ ಟ್ರ್ಯಾಕ್ಟರುಗಳ ಭಾರ ಅದನ್ನು ಕುಣಿಯಾಗಿಸುತ್ತದೆ. ಆ ಕುಣಿಗೆ ಪುಟ್ಟ ಗಾಲಿ ಎಷ್ಟು ಇಳಿಯುತ್ತದೆ ಎಂಬುದನ್ನು ಹೈಸ್ಕೂಲಿನ ರೇಖಾಗಣಿತದಿಂದಲೇ ಕಂಡುಹಿಡಿಯಬಹುದು. 10 ಅಂಗುಲದ ಗಾಲಿಗೆ ಟಾಯರು ಕೂಡಿದರೆ ಒಟ್ಟು ವ್ಯಾಸ ಸುಮಾರು 50 ಸೆಂಟಿಮೀಟರು, ತ್ರಿಜ್ಯ 25. ಕುಣಿಯ ಅಗಲ 30 ಸೆಂಟಿಮೀಟರು ಎಂದು ಇಟ್ಟುಕೊಳ್ಳಿರಿ. ಅದರ ಅರ್ಧ 15. ಗಾಲಿಯ ಕೇಂದ್ರದಿಂದ ಕುಣಿಯ ಎರಡು ಅಂಚುಗಳನ್ನು ಕೂಡಿಸುವ ರೇಖೆಗಿರುವ ಲಂಬದೂರ, ಪೈಥಾಗೊರಸನ ಪ್ರಮೇಯದಂತೆ, 20 ಸೆಂಟಿಮೀಟರು. 25ರಲ್ಲಿ 20 ಕಳೆದರೆ 5. ಅಂದರೆ ಗಾಲಿ ಅಷ್ಟು ಕೆಳಗೆ ಬೀಳುತ್ತದೆ. ಇದೇ ಕುಣಿಯಲ್ಲಿ 65 ಸೆಂಟಿಮೀಟರು ವ್ಯಾಸದ ದೊಡ್ಡ ಕಾರಿನ ಗಾಲಿ 3.7 ಸೆಂಟಿಮೀಟರಿನಷ್ಟು ಇಳಿಯುತ್ತದೆ. ಒಂದೂವರೆ ಮೀಟರು ವ್ಯಾಸದ ಚಕ್ಕಡಿಯ ಗಾಲಿ ಕೇವಲ ಒಂದೂವರೆ ಸೆಂಟಿಮೀಟರು. ಹಿಂದಿನ ಬಡಿಗರು ಚಕ್ಕಡಿಗೆ ಆಳೆತ್ತರದ ಗಾಲಿಯನ್ನು ಕೂಡಿಸಿದ್ದು ಸುಮ್ಮನೆಯಲ್ಲ. ಇಂಗ್ಲೆಂಡಿನ ನುಣುಪು ರಸ್ತೆಗೆಂದು ಹುಟ್ಟಿದ 10 ಅಂಗುಲದ ಗಾಲಿಗೆ ನಮ್ಮ ರಸ್ತೆಗಳು ಒಡ್ಡಿದ ಪರೀಕ್ಷೆ ಎಂಥದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟಾದರೂ, ಡಾಲ್ಫಿನ್ ಹೆಸರು ಗಳಿಸಿದ್ದು ಕೆಟ್ಟ ರಸ್ತೆಯಲ್ಲಿಯೇ ಎಂಬುದು ವಿಚಿತ್ರವಾದರೂ ಸತ್ಯ. 1980ರ ದಶಕದ ಭಾರತದ ರ‍್ಯಾಲಿ ಪಂದ್ಯಗಳಲ್ಲಿ ಅದು ತನ್ನ ವರ್ಗದಲ್ಲಿ ಚಾಲಕರ ಮೆಚ್ಚಿನ ಕಾರಾಯಿತು. ಅದಕ್ಕೆ ಕಾರಣ ತಿರುವುಗಳಲ್ಲಿ ಅದು ತೋರುತ್ತಿದ್ದ ನಡತೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಕಾರು ತಿರುಗುವುದೆಂದರೆ ತನ್ನ ಗುರುತ್ವಕೇಂದ್ರದ ಸುತ್ತ ತಾನೇ ಹೊರಳುವುದು. ಹೊರಳುವುದಕ್ಕೆ ಅಡ್ಡಿಪಡಿಸುವ ಜಡತ್ವವು ಭಾರವನ್ನು ಮಾತ್ರ ಅವಲಂಬಿಸಿಲ್ಲ. ಆ ಭಾರ ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನು ಅವಲಂಬಿಸಿದೆ. 50 ಕಿಲೋಗ್ರಾಮಿನ ವಸ್ತು ಕೇಂದ್ರದಿಂದ ಅರ್ಧ ಮೀಟರು ದೂರದಲ್ಲಿದ್ದರೆ ಅದರ ಪಾಲಿನ ಜಡತ್ವ ಹನ್ನೆರಡೂವರೆ ಮಾನ. ಅದನ್ನೇ ಒಂದೂವರೆ ಮೀಟರಿಗೆ ಒಯ್ದರೆ ನೂರಾಹನ್ನೆರಡೂವರೆ ಮಾನ, ಒಂಬತ್ತು ಪಟ್ಟು. ಆದ್ದರಿಂದಲೇ ಇಂಜಿನನ್ನು ಹಿಂದಕ್ಕೆ, ನಡುವಿನ ಸಮೀಪಕ್ಕೆ ಸರಿಸಿದ್ದು ಈ ಕಾರಿಗೆ ದೊಡ್ಡ ಲಾಭವಾಯಿತು. ಇಂಜಿನು ಅಲ್ಯೂಮಿನಿಯಮ್ಮಿನದಾದ್ದರಿಂದ ಮೂತಿಯ ಭಾರವೂ ಹೆಚ್ಚಿರಲಿಲ್ಲ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಲಾಳಿ ಅತ್ತಿಂದಿತ್ತ ಓಡಿ ಕ್ಷಣದಲ್ಲಿ ದಿಕ್ಕು ಬದಲಿಸುವುದನ್ನು ನೋಡಿದವರಿಗೆ, ಲಾಳಿಯ ಭಾರ ತುಸು ಹೆಚ್ಚಾದರೂ ನೇಯ್ಗೆಯ ವೇಗ ತಗ್ಗುವುದೇಕೆಂಬುದು ತಿಳಿದಿದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತ ಹೋಗುವ ಘಟ್ಟದ ಹಾದಿಯಲ್ಲಿ ಹಗುರು ಕಾರಿನ ಸ್ಥಿತಿಯೂ ಅದೇ.

ಎರಡನೆಯದು ಟಾಯರಿನ ಹಿಡಿತ. ಪ್ರತಿಯೊಂದು ಟಾಯರಿಗೂ ನೆಲವನ್ನು ಹಿಡಿಯುವ ಶಕ್ತಿಗೆ ಒಂದು ಮಿತಿಯುಂಟು. ಮುಂದಕ್ಕೆ ನೂಕುವುದಕ್ಕೂ, ಬ್ರೇಕು ಹಾಕುವುದಕ್ಕೂ, ಪಕ್ಕಕ್ಕೆ ತಿರುಗುವುದಕ್ಕೂ ಅದೇ ಬೊಕ್ಕಸದಿಂದ ಖರ್ಚಾಗಬೇಕು. ಆದರೆ ಈ ಖರ್ಚಿನ ಲೆಕ್ಕ ಕೂಡುವ ಕಳೆಯುವ ಲೆಕ್ಕವಲ್ಲ. ನೂಕುವಿಕೆ ಮತ್ತು ತಿರುಗುವಿಕೆ ಒಂದಕ್ಕೊಂದು ಲಂಬವಾದ ದಿಕ್ಕಿನವು. ಆದ್ದರಿಂದ ನೂರರಲ್ಲಿ ಎಂಬತ್ತು ಪಾಲು ನೂಕುವುದಕ್ಕೆ ಹೋದರೆ ತಿರುಗುವುದಕ್ಕೆ ಉಳಿಯುವುದು ಇಪ್ಪತ್ತಲ್ಲ, ಅರವತ್ತು. ಕುಣಿಯ ಲೆಕ್ಕದಲ್ಲಿ ಬಂದಿದ್ದ ಮೂರು-ನಾಲ್ಕು-ಐದರ ತ್ರಿಕೋನವೇ ಇಲ್ಲಿಯೂ ಬಂದು ನಿಲ್ಲುತ್ತದೆ. ಮುಂದಿನ ಗಾಲಿಗಳಿಗೆ ಬಲ ಕೊಡುವ ಕಾರಿನಲ್ಲಿ ಮುಂದಿನ ಟಾಯರುಗಳೇ ಎಳೆಯಲೂ ಬೇಕು, ತಿರುಗಿಸಲೂ ಬೇಕು. ತಿರುವಿನಲ್ಲಿ ಆಕ್ಸಿಲರೇಟರನ್ನು ಹೆಚ್ಚು ಒತ್ತಿದರೆ ಮೂತಿ ಹೊರಕ್ಕೆ ಜಾರುತ್ತದೆ. ಹಿಂದಿನ ಗಾಲಿಗಳಿಗೆ ಬಲವಿರುವ ಕಾರಿನಲ್ಲಿ ಕೆಲಸ ಹಂಚಿಹೋಗಿದೆ. ಅಲ್ಲಿ ಹೆಚ್ಚು ಒತ್ತಿದರೆ ಬಾಲ ಹೊರಕ್ಕೆ ಜಾರುತ್ತದೆ. ನುರಿತ ಚಾಲಕನು ಈ ಜಾರುವಿಕೆಯನ್ನೇ ಉಪಾಯವಾಗಿ ಬಳಸಿಕೊಂಡು, ಜಲ್ಲಿ ಮಣ್ಣಿನ ಹಾದಿಯಲ್ಲಿ ಕಾರಿನ ಮೂತಿಯನ್ನು ತಿರುವಿನ ಒಳಕ್ಕೆ ತಿರುಗಿಸಿ, ಸ್ಟೇರಿಂಗಿಗಿಂತ ಹೆಚ್ಚಾಗಿ ಕಾಲಿನಿಂದಲೇ ಕಾರನ್ನು ನಡೆಸುತ್ತಾನೆ. ರ‍್ಯಾಲಿಯವರು ಡಾಲ್ಫಿನ್ನನ್ನು ಮೆಚ್ಚಿದ್ದು ಇದಕ್ಕಾಗಿ.

ಸಾಮಾನ್ಯ ಚಾಲಕನಿಗೆ ಇದೇ ಗುಣ ಅಪಾಯವಾಗಬಲ್ಲದು. ತಿರುವಿನ ನಡುವೆ ಹೆದರಿ ಒಮ್ಮೆಲೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಟಾಯರುಗಳ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಅದೇ ಕ್ಷಣದಲ್ಲಿ ಇಂಜಿನು ಆ ಟಾಯರುಗಳನ್ನೇ ತಡೆಹಿಡಿಯುತ್ತದೆ. ಬಾಲ ತಿರುಗುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕಾಗಿಲ್ಲ. ಗಾಲಿಯಂತರ ಗಿಡ್ಡಾದಷ್ಟೂ ಅದು ಬೇಗ ತಿರುಗುತ್ತದೆ, ತಿದ್ದಿಕೊಳ್ಳಲು ಸಿಗುವ ಸಮಯವೂ ಅಷ್ಟೇ ಕಡಿಮೆ. ಚಕ್ಕಡಿ ಹೇರುವ ರೈತನು ಹೊರೆಯನ್ನು ಅಚ್ಚಿನ ಹಿಂದೆ ಮುಂದೆ ತೂಗಿಸಿ ಇಡುತ್ತಾನೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೆದ್ದು ನೊಗ ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಕಾರಿನಲ್ಲಿ ಈ ಮುಂಭಾರ-ಹಿಂಭಾರ ಪ್ರತಿ ಕ್ಷಣವೂ ಬದಲಾಗುತ್ತಿರುತ್ತದೆ, ಮತ್ತು ಅದನ್ನು ಬದಲಿಸುವುದು ಚಾಲಕನ ಕಾಲು.

ಹಗುರು ಕಾರು ಬೇಗ ನಿಲ್ಲುತ್ತದೆ ಎಂಬ ಒಂದು ನಂಬಿಕೆ ಜನರಲ್ಲಿದೆ. ಅದು ಅರೆಸತ್ಯ. ಭಾರ ಅರ್ಧವಾದರೆ ಚಲನಶಕ್ತಿಯೂ ಅರ್ಧವಾಗುತ್ತದೆ, ಆದರೆ ಟಾಯರು ನೆಲವನ್ನು ಒತ್ತುವ ಬಲವೂ ಅರ್ಧವಾಗುತ್ತದೆ. ಎರಡೂ ಹೊಡೆದುಹೋಗಿ, ನಿಲ್ಲುವ ದೂರ ಭಾರದ ಮೇಲೆ ನಿಲ್ಲದೆ ವೇಗದ ವರ್ಗದ ಮೇಲೆ ನಿಲ್ಲುತ್ತದೆ. ಹಗುರು ಕಾರಿಗೆ ಸಿಗುವ ಲಾಭವೆಂದರೆ ಬ್ರೇಕು ಕಡಿಮೆ ಕಾಯುತ್ತದೆ, ಇಷ್ಟೇ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ, ಒಣ ರಸ್ತೆಯಲ್ಲಿ, ಚಾಲಕನು ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡನ್ನೂ ಹಿಡಿದರೆ ನಿಲ್ಲಲು ಸುಮಾರು 40 ಮೀಟರು ಬೇಕು. 80ರ ವೇಗದಲ್ಲಿ 63. ತಗ್ಗಿಸಿದ ದೀಪ ದಾರಿಯನ್ನು ಚೆನ್ನಾಗಿ ಬೆಳಗುವುದು ಸಾಮಾನ್ಯವಾಗಿ 40ರಿಂದ 50 ಮೀಟರಿನವರೆಗೆ. ಕಬ್ಬಿನ ಹಂಗಾಮಿನ ರಾತ್ರಿಗಳಲ್ಲಿ ಹಿಂದೀಪವಿಲ್ಲದ ಟ್ರೇಲರು ಮುಂದಿದ್ದರೆ 80ರ ವೇಗದ ಚಾಲಕನಿಗೆ ಅದು ಕಾಣುವ ಹೊತ್ತಿಗೆ ಲೆಕ್ಕ ಮುಗಿದಿರುತ್ತದೆ. ಕಾರು ಹಗುರೋ ಭಾರವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ.

ಡಿಕ್ಕಿಯ ಲೆಕ್ಕವೂ ಇದೇ ಬಗೆಯದು. ತುಂಬಿದ ಟ್ರೇಲರುಗಳ ಸಾಲು 10 ಟನ್ ಭಾರವಿದ್ದು 15 ಕಿಲೋಮೀಟರು ವೇಗದಲ್ಲಿ ಸಾಗುತ್ತಿದೆ. ಹಿಂದಿನಿಂದ ಜನ ತುಂಬಿದ 775 ಕಿಲೋಗ್ರಾಮಿನ ಕಾರು 60ರ ವೇಗದಲ್ಲಿ ಬಂದು ಬಡಿಯುತ್ತದೆ ಎಂದು ಭಾವಿಸಿದರೆ, ಸಂವೇಗದ ನಿಯಮದಂತೆ ಎರಡೂ ಕೂಡಿ ಸುಮಾರು 18ರ ವೇಗದಲ್ಲಿ ಸಾಗುತ್ತವೆ. ಕಾರು ಕಳೆದುಕೊಂಡ ವೇಗ 42. 1350 ಕಿಲೋಗ್ರಾಮಿನ ದೊಡ್ಡ ಕಾರಾಗಿದ್ದರೆ ಸುಮಾರು 40. ವ್ಯತ್ಯಾಸ ಅತ್ಯಲ್ಪ. ಕಬ್ಬಿನ ಹೇರಿನ ಎದುರಿಗೆ ಎಲ್ಲ ಕಾರುಗಳೂ ಹಗುರೇ. ಅಲ್ಲಿ ಜೀವ ಉಳಿಸುವುದು ಮೂತಿಯು ಎಷ್ಟು ದೂರ, ಎಷ್ಟು ಹದವಾಗಿ ನುಗ್ಗಾಗುತ್ತದೆ ಎಂಬುದು ಮತ್ತು ಕುಳಿತವರಿಗೆ ಪಟ್ಟಿ ಕಟ್ಟಿದೆಯೆ ಎಂಬುದು. ಗಿಡ್ಡ ಮೂತಿಯ ಆ ಕಾಲದ ಪುಟ್ಟ ಕಾರುಗಳು ಈ ವಿಷಯದಲ್ಲಿ ಬಡವೇ ಆಗಿದ್ದವು. ದೊಡ್ಡವು ಶ್ರೀಮಂತವಾಗಿದ್ದವೆಂದು ಹೇಳುವಂತೆಯೂ ಇರಲಿಲ್ಲ.

ಈಗ ಮೈಯ ವಿಷಯ. ಫೈಬರ್ ಗಾಜಿನ ಮೈ ಎಂದರೆ ಗಾಜಿನ ನೂಲಿನ ಹಾಸುಗಳನ್ನು ಅಚ್ಚಿನಲ್ಲಿ ಪದರು ಪದರಾಗಿ ಇಟ್ಟು, ರಾಳದಿಂದ ತೋಯಿಸಿ ಗಟ್ಟಿಗೊಳಿಸಿದ್ದು. ಎಳೆತವನ್ನು ತಾಳುವುದು ನೂಲು. ನೂಲುಗಳನ್ನು ಒಂದೆಡೆ ಹಿಡಿದಿಟ್ಟು ಆಕಾರ ಕೊಡುವುದು ರಾಳ. ಇಂಥ ಮೈಗೆ ತುಕ್ಕು ಹಿಡಿಯುವುದಿಲ್ಲ. ಬಡಿದರೆ ಉಕ್ಕಿನಂತೆ ತಗ್ಗು ಬೀಳುವುದಿಲ್ಲ, ಸೀಳುತ್ತದೆ. ಸೀಳನ್ನು ಉಜ್ಜಿ, ಹೊಸ ಹಾಸನ್ನು ಅಂಟಿಸಿ ಸರಿಪಡಿಸಬಹುದು. ಆದರೆ ಇದರ ಮುಖ್ಯ ಆಕರ್ಷಣೆ ಬೇರೆಡೆ ಇತ್ತು. ಉಕ್ಕಿನ ಮೈಗೆ ಭಾರಿ ಒತ್ತುಯಂತ್ರಗಳೂ, ಕೋಟಿಗಟ್ಟಲೆ ಬೆಲೆಯ ಉಕ್ಕಿನ ಅಚ್ಚುಗಳೂ ಬೇಕು. ಫೈಬರಿಗೆ ಕಡಿಮೆ ಖರ್ಚಿನ ಅಚ್ಚು ಮತ್ತು ಕೈಕೆಲಸದವರು ಸಾಕು. ಸಣ್ಣ ಬಂಡವಾಳದ ಸಂಸ್ಥೆಯೊಂದು ಕಾರಿನ ಉದ್ಯಮಕ್ಕೆ ಇಳಿಯಲು ಇದೊಂದೇ ಬಾಗಿಲು ತೆರೆದಿತ್ತು.

ಬಾಗಿಲು ತೆರೆದದ್ದೇನೋ ಸರಿ. ಒಳಗೆ ದಾರಿ ಮುಂದುವರಿದಿರಲಿಲ್ಲ. ಕೈಮಗ್ಗ ಮತ್ತು ವಿದ್ಯುತ್ ಮಗ್ಗಗಳ ನಡುವಿನ ಕಷ್ಟವನ್ನು ಕಂಡ ರಬಕವಿ-ಬನಹಟ್ಟಿಯ ಜನರಿಗೆ ಈ ಅರ್ಥಶಾಸ್ತ್ರ ತಿಳಿಯದ್ದಲ್ಲ. ಕೈಮಗ್ಗವನ್ನು ಹೂಡಲು ಹೆಚ್ಚು ಹಣ ಬೇಡ, ಆದರೆ ನೂರನೆಯ ಸೀರೆಗೂ ಮೊದಲನೆಯ ಸೀರೆಯಷ್ಟೇ ದುಡಿಮೆ ಬೇಕು. ಫೈಬರಿನ ಮೈಯೂ ಹಾಗೆಯೇ. ರಾಳ ಆರುವ ಹೊತ್ತನ್ನು ಯಾರೂ ಅವಸರಪಡಿಸಲಾರರು. ಉದಾಹರಣೆಗೆಂದು, ಉಕ್ಕಿನ ಅಚ್ಚುಗಳಿಗೆ 10 ಕೋಟಿ ರೂಪಾಯಿ ಖರ್ಚಾಯಿತು ಎನ್ನೋಣ. ಒಂದು ಸಾವಿರ ಕಾರುಗಳನ್ನಷ್ಟೇ ಮಾಡಿದರೆ ಪ್ರತಿಯೊಂದರ ತಲೆಯ ಮೇಲೆ ಬರುವ ಅಚ್ಚಿನ ವೆಚ್ಚ ಒಂದು ಲಕ್ಷ ರೂಪಾಯಿ. ಒಂದು ಲಕ್ಷ ಕಾರುಗಳನ್ನು ಮಾಡಿದರೆ ಬರೀ ಒಂದು ಸಾವಿರ. ಸಾವಿರದ ಲೆಕ್ಕದಲ್ಲಿ ಫೈಬರು ಗೆಲ್ಲುತ್ತದೆ, ಲಕ್ಷದ ಲೆಕ್ಕದಲ್ಲಿ ಉಕ್ಕು. ಅಗ್ಗದ ಕಾರು ಎಂಬ ಮಾತಿಗೆ ಎರಡು ಅರ್ಥಗಳಿವೆ: ಆರಂಭಿಸಲು ಅಗ್ಗ, ಹೆಚ್ಚಿಸಲು ಅಗ್ಗ. ಡಾಲ್ಫಿನ್ ಮೊದಲನೆಯ ಅರ್ಥದಲ್ಲಿ ಅಗ್ಗವಾಗಿತ್ತು.

ಎರಡನೆಯ ಅರ್ಥದ ಕಾರು 1983ರ ಡಿಸೆಂಬರ್ 14ರಂದು ಬಂದಿತು. ಭಾರತ ಸರ್ಕಾರ ಮತ್ತು ಜಪಾನಿನ ಸುಝುಕಿ ಕೂಡಿ ಗುರುಗಾಂವದಲ್ಲಿ ಹೂಡಿದ ಕಾರಖಾನೆಯ ಮಾರುತಿ 800. ಮೂರು ಸಿಲಿಂಡರು, 796 ಘನ ಸೆಂಟಿಮೀಟರು, ಮುಂದಿನ ಗಾಲಿಗಳಿಗೆ ಬಲ, ಉಕ್ಕಿನ ಮೈ, ನಾಲ್ಕು ಪಕ್ಕದ ಬಾಗಿಲುಗಳು. ಬೆಲೆ ಸುಮಾರು 47,500 ರೂಪಾಯಿ. ಅದು ಡಾಲ್ಫಿನ್ನಿಗಿಂತ ಭಾರವಾಗಿತ್ತು, ಆದರೆ ಇತರ ಕಾರುಗಳಿಗಿಂತ ಬಹಳ ಹಗುರು. ನಡೆಸುವ ಸೊಗಸಿನಲ್ಲಿ ಡಾಲ್ಫಿನ್ ಅದಕ್ಕೆ ಸೋಲಲಿಲ್ಲ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಆ ವಾದದಲ್ಲಿ ಹುರುಳೂ ಇದೆ. ಆದರೆ ಕೊಳ್ಳುವವರು ತಿರುವಿನಲ್ಲಿ ಬಾಲ ಆಡಿಸುವುದಕ್ಕಾಗಿ ಕಾರು ಕೊಳ್ಳಲಿಲ್ಲ. ಅವರಿಗೆ ಬೇಕಾದದ್ದು ದಿನಾ ಬೆಳಗ್ಗೆ ಚಾಲೂ ಆಗುವ ಇಂಜಿನು, ಊರೂರಿನಲ್ಲಿ ಸಿಗುವ ಬಿಡಿಭಾಗ, ಮುಟ್ಟಿದರೆ ಲೋಹದ ಸಪ್ಪಳ ಬರುವ ಮೈ, ಮತ್ತು ಹಿಂದಿನ ಆಸನಕ್ಕೆ ಸ್ವಂತ ಬಾಗಿಲು.

ಈ ಕಡೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎಂಜಿನಿಯರನ ದೃಷ್ಟಿಯಲ್ಲಿ ಎರಡು ಬಾಗಿಲುಗಳು ಎಲ್ಲ ಬಗೆಯಿಂದಲೂ ಒಳ್ಳೆಯವು. ಕೀಲು, ಚಿಲಕ, ಗಾಜು ಇಳಿಸುವ ಯಂತ್ರ ಎಲ್ಲವೂ ಅರ್ಧಕ್ಕೆ ಇಳಿಯುತ್ತವೆ. ಮೈಯಲ್ಲಿ ತೂತುಗಳು ಕಡಿಮೆಯಾದಷ್ಟೂ ಅದು ಬಿಗಿಯಾಗಿರುತ್ತದೆ. ಭಾರವೂ ಬೆಲೆಯೂ ಇಳಿಯುತ್ತವೆ. ಆದರೆ ನಮ್ಮ ಮನೆಗಳಲ್ಲಿ ಹಿಂದೆ ಕೂಡ್ರುವವರು ಯಾರು? ಮುಂದಿನ ಆಸನವನ್ನು ಮಡಚಿ, ಬೆನ್ನು ಬಾಗಿಸಿ, ಇಳಕಲ್ ಸೀರೆಯ ನಿರಿಗೆಯನ್ನು ಹಿಡಿದುಕೊಂಡು ಆ ಸಂದಿಯಲ್ಲಿ ತೂರಿ ಹಿಂದಕ್ಕೆ ಹೋಗಬೇಕಾದವಳು ಮನೆಯ ಹಿರಿಯಳು. ಹೀಗೆ ಒಮ್ಮೆ ತೂರಿದ ಅಜ್ಜಿ ಎರಡನೆಯ ಸಲ ಆ ಕಾರನ್ನು ಹತ್ತಲಿಕ್ಕಿಲ್ಲ. ಅಜ್ಜಿ ಹತ್ತದ ಕಾರನ್ನು ಮನೆಯ ಯಜಮಾನ ಕೊಳ್ಳಲಿಕ್ಕಿಲ್ಲ.

ಇದು ಡಾಲ್ಫಿನ್ನಿಗೊಂದಕ್ಕೇ ಬಂದ ಸಂಕಟವಲ್ಲ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯು 1960ರ ದಶಕದ ಆರಂಭದಲ್ಲಿ ಎರಡು ಬಾಗಿಲುಗಳ ಹೆರಾಲ್ಡ್ ಕಾರನ್ನು ತಂದಿತ್ತು. ಇಂಗ್ಲೆಂಡಿನ ಮೂಲದಲ್ಲಿ ಎಂದೂ ಇರದಿದ್ದ ನಾಲ್ಕು ಬಾಗಿಲುಗಳ ರೂಪವನ್ನು ಭಾರತಕ್ಕಾಗಿಯೇ, ಆ ದಶಕ ಮುಗಿಯುವುದರೊಳಗೆ, ಅದು ಸಿದ್ಧಪಡಿಸಬೇಕಾಯಿತು. ಸಿಪಾನಿಯವರೂ 1987ರಲ್ಲಿ ಡಾಲ್ಫಿನ್ನಿನ ಆಧಾರದ ಮೇಲೆಯೇ ಹೆಚ್ಚಿನ ಬಾಗಿಲುಗಳುಳ್ಳ ‘ಮೊಂಟಾನಾ’ವನ್ನು ಹೊರತಂದರು. ಅಷ್ಟು ಹೊತ್ತಿಗೆ ಹೊತ್ತು ಮೀರಿತ್ತು. ಮೊಂಟಾನಾಕ್ಕೆ ಡೀಸೆಲ್ ಇಂಜಿನನ್ನು ಕೂಡಿಸಿ ನೋಡಿದರು. 1990ರ ದಶಕದಲ್ಲಿ ಇಂಗ್ಲೆಂಡಿನ ರೋವರ್ ಕಂಪನಿಯ ದೊಡ್ಡ ‘ಮೊಂಟೆಗೊ’ ಕಾರನ್ನು ಜೋಡಿಸಿ ಮಾರಲು ಯತ್ನಿಸಿದರು. ಯಾವುದೂ ನೆಲೆಗೊಳ್ಳಲಿಲ್ಲ. 1990ರ ದಶಕದ ಕೊನೆಗೆ ಗೋವೆಯಲ್ಲಿ ತಯಾರಾದ ‘ಸ್ಯಾನ್ ಸ್ಟಾರ್ಮ್’ ಎಂಬ ಫೈಬರ್ ಮೈಯ, ಎರಡೇ ಆಸನದ ಕಾರಂತೂ ಆರಂಭದಿಂದಲೇ ಕೆಲವರ ವಿನೋದದ ವಸ್ತುವಾಗಿ ಉಳಿಯಿತು.

ಬೆಂಗಳೂರು ಮತ್ತೊಮ್ಮೆ ಈ ಪ್ರಯತ್ನಕ್ಕೆ ಕೈಹಾಕಿದ್ದು 2001ರಲ್ಲಿ, ಚೇತನ್ ಮೈನಿಯವರ ನಾಯಕತ್ವದಲ್ಲಿ ಸಿದ್ಧವಾದ ‘ರೇವಾ’ ವಿದ್ಯುತ್ ಕಾರಿನಿಂದ. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಲಗೆಗಳು, ಎರಡು ಬಾಗಿಲು. ತಲಾ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು ಕೂಡಿ 48 ವೋಲ್ಟು. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರು ಓಟ. ಹಗುರು ಕಾರಿನ ಲೆಕ್ಕ ಇಲ್ಲಿ ತಲೆಕೆಳಗಾಯಿತು: ಪೆಟ್ರೋಲಿನ ತೊಟ್ಟಿ ದಾರಿಯುದ್ದಕ್ಕೂ ಹಗುರಾಗುತ್ತ ಹೋಗುತ್ತದೆ, ಬ್ಯಾಟರಿ ಖಾಲಿಯಾದರೂ ಅಷ್ಟೇ ಭಾರ. ಆದರೆ ಆ ಭಾರವನ್ನು ಆಸನಗಳ ಕೆಳಗೆ ಇಟ್ಟದ್ದರಿಂದ ಗುರುತ್ವಕೇಂದ್ರ ಕೆಳಗಿಳಿಯಿತು. ಮತ್ತು ಬ್ರೇಕು ಒತ್ತಿದಾಗ ಮೋಟಾರೇ ಜನರೇಟರಾಗಿ ತಿರುಗಿ, ಬ್ರೇಕಿನ ಡ್ರಮ್ಮಿನಲ್ಲಿ ಬಿಸಿಯಾಗಿ ಹೋಗುತ್ತಿದ್ದ ಶಕ್ತಿಯ ಸ್ವಲ್ಪ ಪಾಲನ್ನು ಬ್ಯಾಟರಿಗೆ ಮರಳಿಸುತ್ತಿತ್ತು. ಲಂಡನ್ನಿನಲ್ಲಿ, 2003ರಿಂದ ನಗರದ ನಡುಭಾಗಕ್ಕೆ ಬರುವ ಕಾರುಗಳ ಮೇಲೆ ಹಾಕಿದ ಸುಂಕದಿಂದ ವಿದ್ಯುತ್ ಕಾರುಗಳಿಗೆ ವಿನಾಯಿತಿ ಇದ್ದುದರಿಂದ, ‘ಜೀ-ವಿಝ್’ ಎಂಬ ಹೆಸರಿನಲ್ಲಿ ಅದು ಬೀದಿಬೀದಿಯಲ್ಲಿ ಕಾಣಿಸಿಕೊಂಡಿತು. ತನ್ನ ನಾಡಿನಲ್ಲಿ ಕಂಡದ್ದಕ್ಕಿಂತ ಅಲ್ಲಿ ಹೆಚ್ಚು ಮಾತಿಗೆ ವಸ್ತುವಾಯಿತು.

2010ರಲ್ಲಿ ಮಹೀಂದ್ರಾ ಸಂಸ್ಥೆಯು ರೇವಾ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು. 2013ರಲ್ಲಿ ಅದರ ಮುಂದಿನ ಪೀಳಿಗೆಯಾದ ‘ಇ-ಟು-ಓ’ ಹೊರಬಂದಿತು. ಬ್ಯಾಟರಿ ಸೀಸದಿಂದ ಲಿಥಿಯಮ್ಮಿಗೆ ಬದಲಾಗಿತ್ತು, ಬಾಗಿಲುಗಳು ಮಾತ್ರ ಎರಡೇ ಉಳಿದಿದ್ದವು. ಮೂರು ವರ್ಷಗಳ ತರುವಾಯ, 2016ರಲ್ಲಿ, ಅದರ ಮೈಯನ್ನು ಉದ್ದ ಮಾಡಿ ನಾಲ್ಕು ಬಾಗಿಲುಗಳನ್ನು ಕೂಡಿಸಿದ ‘ಇ-ಟು-ಓ ಪ್ಲಸ್’ ಬಂದಿತು.